ಕೊನೇ ಬಸ್ಸು ಹೊರಡುವ ಮುಂಚೆ

ಮಂಡ್ಯ, ಮದ್ದೂರು, ಮಳವಳ್ಳಿಯ ಬಂಧುಗಳೇ,

ಹೊಂಗೆ ಚಿಗುರಿದೆ. ಶಿವರಾತ್ರಿ ಕಳೆದು ಯುಗಾದಿಗೆ ದಿನ ಎಣಿಸುವ ಹೊತ್ತು. ಊರೂರಲ್ಲಿ ಮಾರಮ್ಮನ ಹಬ್ಬದ ಮಾತು ಎದ್ದಿದೆ, ಕೊಂಡಕ್ಕೆ ಸೌದೆ ಕೂಡಿಸುತ್ತಿದ್ದಾರೆ. ಇದೇ ಹೊತ್ತಿಗೆ ನಮ್ಮ ಕಾಲೇಜುಗಳ ಸೂಚನಾ ಫಲಕಗಳ ಮೇಲೂ ಕಾಗದಗಳು ಕಾಣಿಸಿಕೊಳ್ಳುತ್ತವೆ. ಸಾಂಸ್ಕೃತಿಕ ಸ್ಪರ್ಧೆ, ಜಾನಪದ ಉತ್ಸವ, ಎಥ್ನಿಕ್ ಡೇ, ವಾರ್ಷಿಕೋತ್ಸವ. ಪರೀಕ್ಷೆಗೆ ಮುಂಚಿನ ಈ ಎರಡು ತಿಂಗಳೇ ನಮ್ಮ ಮಕ್ಕಳ ವಸಂತ. ಅದರ ಬಗ್ಗೆ ನಿಮ್ಮ ಹತ್ತಿರ ಒಂದು ಮಾತು ಕೇಳಿಕೊಳ್ಳಬೇಕಾಗಿದೆ.

ಕೆಲವು ವರ್ಷದ ಹಿಂದೆ ನಮ್ಮ ಜಿಲ್ಲೆಯ ಒಂದು ಕಾಲೇಜಿನ ಉತ್ಸವಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ಎಂಟು ಹುಡುಗಿಯರ ಕೋಲಾಟದ ತಂಡವೊಂದು ಬೆಳಿಗ್ಗೆಯಿಂದ ಸೀರೆ ಉಟ್ಟು, ಕನಕಾಂಬರ ಮುಡಿದು, ವೇದಿಕೆಯ ಪಕ್ಕದ ಮೆಟ್ಟಿಲ ಮೇಲೆ ಕೂತಿತ್ತು. ಸಭೆ ಹತ್ತು ಗಂಟೆಗೆ ಎಂದು ಕಾರ್ಡಿನಲ್ಲಿ ಅಚ್ಚಾಗಿತ್ತು. ಅತಿಥಿಗಳು ಬಂದಾಗ ಒಂದು ಗಂಟೆ. ಸ್ವಾಗತ, ಪ್ರಾಸ್ತಾವಿಕ, ಹಾರ, ಶಾಲು, ಭಾಷಣ, ಮತ್ತೆ ಭಾಷಣ. ನಾಲ್ಕೂವರೆಗೆ ಆ ಎಂಟು ಜನರಲ್ಲಿ ಮೂವರು ಎದ್ದು ಬ್ಯಾಗು ಹೆಗಲಿಗೆ ಹಾಕಿಕೊಂಡರು. ಅವರ ಊರಿನ ಕಡೆಗೆ ಸಂಜೆ ಇದ್ದದ್ದು ಒಂದೇ ಬಸ್ಸು. ಕೋಲಾಟ ಜೋಡಿಯ ಆಟ. ಮೂವರು ಹೊರಟರೆ ಉಳಿದ ಐವರು ಯಾರ ಕೋಲಿಗೆ ಕೋಲು ಕೊಡಬೇಕು? ತಿಂಗಳಿಡೀ ಕಲಿತ ಆ ತಂಡ ಆಡಲೇ ಇಲ್ಲ. ಆರು ಗಂಟೆಗೆ ದೊಡ್ಡ ದೊಡ್ಡ ಸ್ಪೀಕರುಗಳು ಶುರುವಾದವು. ಹಾಸ್ಟೆಲ್ಲಿನವರು, ಪೇಟೆಯಲ್ಲೇ ಮನೆ ಇರುವವರು, ಬೈಕು ಇದ್ದವರು ಕುಣಿದರು.

ಅಂದು ನಾನೂ ವೇದಿಕೆ ಮೇಲೆ ಕೂತಿದ್ದೆ. ಭಾಷಣ ಮುಗಿಸಿ, ಮಕ್ಕಳು ಊರಿಗೆ ಹೋಗಬೇಕು ಎಂದು ಒಂದು ಚೀಟಿ ಬರೆದು ಕಳಿಸಬಹುದಿತ್ತು. ಕಳಿಸಲಿಲ್ಲ. ಆ ಮೂವರು ಗೇಟಿನ ಕಡೆ ಅರ್ಧ ಓಟ ಅರ್ಧ ನಡಿಗೆಯಲ್ಲಿ ಹೋದದ್ದು ಇವತ್ತಿಗೂ ಕಣ್ಣ ಮುಂದಿದೆ.

ಆದ್ದರಿಂದ ನನ್ನ ಮೊದಲ ಬೇಡಿಕೆ ಬಹಳ ಸಣ್ಣದು. ಪ್ರಾಂಶುಪಾಲರೇ, ಸಾಂಸ್ಕೃತಿಕ ಸಮಿತಿಯ ಮೇಷ್ಟ್ರುಗಳೇ, ಕಾರ್ಯಕ್ರಮದ ಪಟ್ಟಿ ಬರೆಯುವ ಮುಂಚೆ ಬಸ್ಸಿನ ವೇಳಾಪಟ್ಟಿಯನ್ನು ಎದುರಿಗಿಟ್ಟುಕೊಳ್ಳಿ. ಹಲಗೂರಿನ ಕಡೆಗೆ, ಕಿರುಗಾವಲಿನ ಕಡೆಗೆ, ಕೊಪ್ಪದ ಕಡೆಗೆ, ಬೆಸಗರಹಳ್ಳಿಯ ಕಡೆಗೆ ಕೊನೇ ಬಸ್ಸು ಎಷ್ಟು ಹೊತ್ತಿಗೆ ಎಂದು ಮಕ್ಕಳನ್ನೇ ಕೇಳಿ. ದೂರದ ಊರಿನವರ ಆಟ ಬೆಳಿಗ್ಗೆಯೇ ಆಗಲಿ, ಪೇಟೆಯವರದು ಸಂಜೆಗಿರಲಿ. ಅತಿಥಿಗಳು ತಡವಾದರೆ ಕಾಯಬೇಡಿ. ಮಕ್ಕಳ ಕುಣಿತ ನಡೆಯುತ್ತಿರಲಿ, ಅವರು ಬಂದಾಗ ನಡುವೆ ಹತ್ತು ನಿಮಿಷ ಸಭೆ ಸೇರಿಸಿಕೊಂಡರಾಯಿತು. ಉತ್ಸವದ ದಿನ ಎರಡು ಬಸ್ಸು ಹೆಚ್ಚಿಗೆ ಬೇಕೆಂದು ಡಿಪೋಗೆ ಹದಿನೈದು ದಿನ ಮುಂಚೆ ಒಂದು ಕಾಗದ ಕೊಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆ ತಪ್ಪಿದೆ. ದುಡ್ಡಿನ ಅಡ್ಡಿ ಹೋದ ಮೇಲೆ ಉಳಿದಿರುವುದು ಹೊತ್ತಿನ ಅಡ್ಡಿ. ಅದನ್ನು ಬಗೆಹರಿಸುವುದು ನಮ್ಮ ಕೈಯಲ್ಲೇ ಇದೆ.

ಎರಡನೆಯ ಮಾತು ದೊಡ್ಡದು, ಸ್ವಲ್ಪ ವಿವರವಾಗಿ ಹೇಳಬೇಕು.

ನಮ್ಮ ಸೀಮೆಯ ಹಳ್ಳಿಗಳಲ್ಲಿ ನಾಟಕ ಹೇಗೆ ನಡೆಯುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಸುಗ್ಗಿ ಮುಗಿದ ಮೇಲೆ ಊರಿನ ಹತ್ತಿಪ್ಪತ್ತು ಜನ ಸೇರಿ ಕುರುಕ್ಷೇತ್ರವನ್ನೋ ದಾನಶೂರ ಕರ್ಣವನ್ನೋ ಆರಿಸಿಕೊಳ್ಳುತ್ತಾರೆ. ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತು ಮಾಡುತ್ತಾರೆ. ಹಗಲು ಗದ್ದೆಗೆ ನೀರು ಕಟ್ಟಿದವರು, ಆಲೆಮನೆಯಲ್ಲಿ ಬೆಲ್ಲ ಕಾಯಿಸಿದವರು, ರಾತ್ರಿ ಊಟ ಮುಗಿಸಿ ಬಂದು ತಿಂಗಳುಗಟ್ಟಲೆ ಕಂದಪದ್ಯದ ಮಟ್ಟು ಹಿಡಿಯುತ್ತಾರೆ. ಸೀನರಿ, ಡ್ರೆಸ್ಸು, ಲೈಟು, ಎಲ್ಲದರ ಖರ್ಚನ್ನೂ ಪಾರ್ಟು ಮಾಡುವವರೇ ಹಂಚಿಕೊಳ್ಳುತ್ತಾರೆ. ದುರ್ಯೋಧನನದೋ ಕೃಷ್ಣನದೋ ಪಾರ್ಟು ಬೇಕೆಂದರೆ ಹೆಚ್ಚು ಹಾಕಬೇಕು. ಅಂದರೆ ಮಂಡ್ಯದ ರೈತ ಕೈಯಿಂದ ಹಣ ಕೊಟ್ಟು ರಂಗಕ್ಕೇರುತ್ತಾನೆ. ಓದು ಬಾರದವರೂ ಇನ್ನೊಬ್ಬರ ಬಾಯಿಂದ ಕೇಳಿಕೊಂಡೇ ನೂರಾರು ಪದ್ಯ ಕಂಠಪಾಠ ಮಾಡಿ ಬೆಳಗಿನ ಜಾವದವರೆಗೂ ಹಾಡಿದ್ದನ್ನು ನಾನು ಕಂಡಿದ್ದೇನೆ.

ಆ ರೈತನ ಮಗ, ಮಗಳು ಕಾಲೇಜಿಗೆ ಬಂದಾಗ ಏನಾಗುತ್ತದೆ? ಅವರು ಕಟ್ಟಿದ ಶುಲ್ಕದಿಂದಲೋ ಅಂಗಡಿ ಅಂಗಡಿ ತಿರುಗಿ ತಂದ ಚಂದಾದಿಂದಲೋ ಬೆಂಗಳೂರಿನಿಂದ ಧ್ವನಿವರ್ಧಕದ ಗಾಡಿ ಬರುತ್ತದೆ, ಟಿವಿಯಲ್ಲಿ ಕಂಡ ಯಾರೋ ಬಂದು ನಾಲ್ಕು ಮಾತಾಡಿ ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಅಪ್ಪ ಹಣ ಕೊಟ್ಟು ಆಡಿದ; ಮಕ್ಕಳು ಹಣ ಕೊಟ್ಟು ನೋಡುತ್ತಾರೆ. ಕುಣಿಯುವುದು, ಮೈ ಮರೆಯುವುದು ಆ ವಯಸ್ಸಿಗೆ ಬೇಕು. ಅದಕ್ಕೆ ನನ್ನ ತಕರಾರಿಲ್ಲ. ಸಂಜೆಗೊಂದು ಗಂಟೆ ಅದಕ್ಕೂ ಇರಲಿ. ಆದರೆ ಉತ್ಸವದ ಹಣದಲ್ಲಿ ದೊಡ್ಡ ಪಾಲು ಮಕ್ಕಳ ಕಲಿಕೆಗೆ ಹೋಗಲಿ ಎಂದು ಕೈಮುಗಿದು ಕೇಳುತ್ತೇನೆ. ಒಬ್ಬ ಹಾರ್ಮೋನಿಯಂ ಮೇಷ್ಟ್ರು ಆರು ವಾರ ಕಾಲೇಜಿಗೆ ಬಂದು ಹೋಗಲಿ. ಇಡೀ ರಾತ್ರಿಯ ನಾಟಕ ಬೇಡ, ಕರ್ಣ–ಕುಂತಿಯ ಒಂದು ಸನ್ನಿವೇಶ ಸಾಕು.

ಇದರಲ್ಲಿ ಹೆಣ್ಣುಮಕ್ಕಳ ಪಾಲು ಇನ್ನೂ ಮುಖ್ಯ. ಹಳ್ಳಿಯ ನಾಟಕದಲ್ಲಿ ದ್ರೌಪದಿಗೆ, ಕುಂತಿಗೆ ಹೊರಗಿನಿಂದ ನಟಿಯರನ್ನು ಕರೆಸುತ್ತೇವೆ. ನಮ್ಮ ಮನೆಯ ಹುಡುಗಿ ಚಾಪೆ ಹಾಸಿ ಮುಂದೆ ಕೂತು ನೋಡುತ್ತಾಳೆ. ಅವಳು ರಂಗಕ್ಕೇರುವ ಜಾಗ ಊರಿನಲ್ಲಿಲ್ಲ, ಇದ್ದರೆ ಕಾಲೇಜಿನಲ್ಲಿ. ಅಲ್ಲಿ ಅವಳು ದ್ರೌಪದಿಯೂ ಆಗಬಹುದು, ಗದೆ ಹೊತ್ತ ದುರ್ಯೋಧನನೂ ಆಗಬಹುದು. ವೃತ್ತಿ ರಂಗಭೂಮಿಗೆ ಮಳವಳ್ಳಿ ಸುಂದರಮ್ಮನವರಂಥ ನಟಿಯನ್ನು ಕೊಟ್ಟ ನೆಲ ಇದು. ಕಾದಂಬರಿಕಾರ್ತಿ ತ್ರಿವೇಣಿ ಹುಟ್ಟಿದ ಊರು ಮಂಡ್ಯ. ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಮೊದಲ ಬಾರಿ ಮಹಿಳೆಯೊಬ್ಬರು, ಜಯದೇವಿತಾಯಿ ಲಿಗಾಡೆಯವರು, ಕೂತದ್ದೂ 1974ರ ಮಂಡ್ಯ ಸಮ್ಮೇಳನದಲ್ಲೇ. ಅಂಥ ಊರಿನ ಹುಡುಗಿ ಬಸ್ಸು ತಪ್ಪುತ್ತದೆಂದು ಕೋಲು ಕೆಳಗಿಟ್ಟು ಹೋಗುವಂತಾಗಬಾರದು.

ಇನ್ನು ಕಲಾವಿದರ ವಿಷಯ. ಪೂಜಾ ಕುಣಿತದವರನ್ನು, ತಮಟೆಯವರನ್ನು, ವೀರಗಾಸೆಯವರನ್ನು ಕಾಲೇಜಿನವರು ಕರೆಸುವುದಿಲ್ಲ ಎಂದು ನಾನು ಹೇಳುವುದಿಲ್ಲ. ಕರೆಸುತ್ತಾರೆ, ಗೇಟಿನವರೆಗೆ. ಅತಿಥಿಯ ಕಾರು ಬರುವ ತನಕ ಮಾರ್ಚ್ ತಿಂಗಳ ಬಿಸಿಲಲ್ಲಿ ಎರಡು ಗಂಟೆ ನಿಲ್ಲಿಸುತ್ತಾರೆ. ಕಾರಿನಿಂದ ವೇದಿಕೆಯವರೆಗೆ ಐದು ನಿಮಿಷದ ಮೆರವಣಿಗೆ, ಅಲ್ಲಿಗೆ ಅವರ ಕಲೆ ಮುಗಿಯಿತು. ಬಿದಿರಿನ ಚೌಕಟ್ಟಿಗೆ ಸೀರೆ ಸುತ್ತಿ, ದೇವಿಯ ಮುಖ ಕಟ್ಟಿ, ಆ ಭಾರದ ಪೂಜೆಯನ್ನು ತಲೆಯ ಮೇಲೆ ಹೊತ್ತು, ಕೈ ಬಿಟ್ಟು, ತಮಟೆಯ ಗತ್ತಿಗೆ ಹೆಜ್ಜೆ ಹಾಕುವುದೆಂದರೆ ಎಷ್ಟು ವರ್ಷದ ಸಾಧನೆ ಎಂದು ಒಮ್ಮೆ ಯೋಚಿಸಿ. ಅದನ್ನು ವೇದಿಕೆಯ ಮೇಲೆ, ದೀಪದ ಬೆಳಕಿನಲ್ಲಿ, ಎಲ್ಲರೂ ಕೂತು ನೋಡುವಂತೆ ಅರ್ಧ ಗಂಟೆ ಆಡಿಸಿ. ಆಮೇಲೆ ಆ ಕಲಾವಿದರ ಕೈಗೆ ಮೈಕು ಕೊಡಿ. ಕತ್ತು ಹೇಗೆ ನಿಲ್ಲಿಸುತ್ತೀರಿ, ಯಾರಿಂದ ಕಲಿತಿರಿ ಎಂದು ಮಕ್ಕಳು ಕೇಳಲಿ. ಊಟಕ್ಕೆ ಅತಿಥಿಗಳ ಪಂಕ್ತಿಯಲ್ಲೇ ಅವರಿಗೂ ಎಲೆ ಹಾಕಿ. ಸಂಭಾವನೆಯನ್ನು ಅವತ್ತೇ, ಅವರ ಕೈಗೇ ಕೊಡಿ. ಬಿಲ್ಲು ಪಾಸಾಗಲಿ ಎಂದು ಮೂರು ತಿಂಗಳು ತಿರುಗಿಸಬೇಡಿ. ತಮಟೆ ಬಾರಿಸುವವರನ್ನು ಊರಾಚೆ ನಿಲ್ಲಿಸಿದ ಕಾಲವಿತ್ತು. ವಿದ್ಯೆಯ ಅಂಗಳದಲ್ಲೂ ಅವರು ಗೇಟಿನ ಹತ್ತಿರವೇ ನಿಂತರೆ ಅದು ನಮಗೆಲ್ಲ ಅವಮಾನ.

ಮಳವಳ್ಳಿ ತಾಲ್ಲೂಕಿನವರಿಗೆ ಇನ್ನೊಂದು ಮಾತು ಬೇರೆಯಾಗಿ ಹೇಳಬೇಕು. ಮಂಟೇಸ್ವಾಮಿಯ ಗದ್ದುಗೆ ಇರುವ ಬೊಪ್ಪೇಗೌಡನಪುರ ನಿಮ್ಮದು. ತಂಬೂರಿ, ಡಕ್ಕೆ, ತಾಳ, ಗಗ್ಗರ ಹಿಡಿದು ಮಂಟೇದಯ್ಯನ ಕತೆಯನ್ನು ರಾತ್ರಿಗಟ್ಟಲೆ ಹಾಡುವ ನೀಲಗಾರರ ಪರಂಪರೆ ನಿಮ್ಮ ಮನೆ ಬಾಗಿಲಲ್ಲೇ ಇದೆ. ಕ್ಯಾಸೆಟ್ಟಿನ ಕಾಲದಲ್ಲಿ ಮಳವಳ್ಳಿ ಮಹದೇವಸ್ವಾಮಿಯವರ ದನಿ ಕೇಳದ ಟೀ ಅಂಗಡಿ ಈ ಕಡೆ ಇರಲಿಲ್ಲ. ಮಂಟೇಸ್ವಾಮಿಯ ಆ ಕಾವ್ಯವನ್ನು ಹಿ.ಚಿ. ಬೋರಲಿಂಗಯ್ಯನವರು ಸಂಪಾದಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅಚ್ಚು ಹಾಕಿಸಿತು, ಎಚ್.ಎಸ್. ಶಿವಪ್ರಕಾಶರು ಅದೇ ಕತೆಯಿಂದ ‘ಮಂಟೇಸ್ವಾಮಿ ಕಥಾಪ್ರಸಂಗ’ ನಾಟಕ ಮಾಡಿದರು. ವಿದ್ವಾಂಸರು ದೂರದಿಂದ ಹುಡುಕಿಕೊಂಡು ಬಂದದ್ದನ್ನು ಅದೇ ತಾಲ್ಲೂಕಿನ ಕಾಲೇಜಿನ ಮಕ್ಕಳು ಒಂದು ಗಂಟೆಯಾದರೂ ಎದುರಿಗೆ ಕೂತು ಕೇಳಬಾರದೇ? ಜಾನಪದ ಎಂದರೆ ಪಂಚೆ ಉಟ್ಟು, ರುಮಾಲು ಸುತ್ತಿ, ಎತ್ತಿನ ಗಾಡಿ ಮುಂದೆ ಫೋಟೋ ತೆಗೆಸಿಕೊಳ್ಳುವುದಷ್ಟೇ ಆಗದಿರಲಿ. ವೇಷ ಚೆಂದವೇ. ಅದರ ಜತೆಗೆ ಒಂದು ಪದವನ್ನು ಬಾಯಲ್ಲಿ ಕಲಿತು ಮನೆಗೆ ಹೋದರೆ, ಮನೆಯ ಅಜ್ಜಿ ಅದರ ಮುಂದಿನ ಸಾಲು ಹೇಳಿಯಾಳು.

ನಮ್ಮ ಮಕ್ಕಳಿಗೆ ಕಸುವಿಲ್ಲ ಎನ್ನುವವರಿದ್ದರೆ ದಸರೆಗೆ ಮುಂಚೆ ಮೈಸೂರಿನ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ನಡೆಯುವ ಯುವ ಸಂಭ್ರಮವನ್ನು ಹೋಗಿ ನೋಡಲಿ. ಸುತ್ತಲ ಜಿಲ್ಲೆಗಳ ತಂಡಗಳ ನಡುವೆ ಮಂಡ್ಯದ ಕಾಲೇಜುಗಳ ಮಕ್ಕಳೂ ಅಲ್ಲಿ ಕುಣಿಯುತ್ತಾರೆ. ಅಲ್ಲಿ ತುಂಬಿದ ಬಯಲು ಕೇಕೆ ಹಾಕುತ್ತದೆ. ಅದೇ ತಂಡ ತನ್ನ ಕಾಲೇಜಿನ ಅಂಗಳದಲ್ಲಿ ಆಡಿದಾಗ ಅದೇ ಬೀದಿಯ ಅಂಗಡಿಯವರು, ಎದುರು ಮನೆಯವರು ಬಂದು ನೋಡಿದ್ದು ಕಡಿಮೆ.

ಈ ಮಾತು ನಿಮಗೆ, ಪೇಟೆಯ ಬಂಧುಗಳಿಗೆ: ಕಾಲೇಜಿನ ಅಂಗಳಕ್ಕೆ ಬನ್ನಿ. ಮಂಡ್ಯದ ಸರ್ಕಾರಿ ಮಹಾವಿದ್ಯಾಲಯ 2019ರಲ್ಲಿ ವಿಶ್ವವಿದ್ಯಾಲಯವಾಯಿತು. ಕೆಲವೇ ವರ್ಷಗಳಲ್ಲಿ, 2025ರಲ್ಲಿ, ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ, ಹಳೆಯವುಗಳ ಜತೆ ಸೇರಿಸುವ ಚರ್ಚೆ ಸರ್ಕಾರದಲ್ಲಿ ಎದ್ದಾಗ ನಮ್ಮದರ ಹೆಸರೂ ಅದರಲ್ಲಿತ್ತು. ಹಣಕಾಸಿನ ಲೆಕ್ಕಾಚಾರ ಏನೇ ಇರಲಿ, ಜನ ಕಾಲಿಡದ ಅಂಗಳದ ಪರವಾಗಿ ಮಾತಾಡುವವರು ಎಲ್ಲಿಂದ ಬರಬೇಕು? 1962ರಲ್ಲಿ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು ಕಟ್ಟಿದ ಕೆ.ವಿ. ಶಂಕರಗೌಡರು ನಾಟಕವನ್ನು ಮನಸಾರೆ ಪ್ರೀತಿಸಿದವರು. ಕೆ.ಎಂ. ದೊಡ್ಡಿಯಂಥ ಊರಿನಲ್ಲಿ ಭಾರತೀ ಕಾಲೇಜು ಕಟ್ಟಿದ ಜಿ. ಮಾದೇಗೌಡರು ಕಾವೇರಿ ಹೋರಾಟದಲ್ಲಿ ರೈತರ ಜತೆ ಬೀದಿಯಲ್ಲಿ ಕೂತವರು. ಮದ್ದೂರಿನ ಕಾಲೇಜಿಗೆ ಸ್ವಾತಂತ್ರ್ಯ ಹೋರಾಟಗಾರ ಎಚ್.ಕೆ. ವೀರಣ್ಣಗೌಡರ ಹೆಸರಿದೆ. ಇವು ಊರಿನವರು ಕಟ್ಟಿಕೊಂಡ ಕಾಲೇಜುಗಳು. 2024ರ ಡಿಸೆಂಬರಿನಲ್ಲಿ ಮೂರು ದಿನ ಮಂಡ್ಯದಲ್ಲೇ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಜಾತ್ರೆಯಂತೆ ಹರಿದು ಬಂದ ನಾವು, ಮಕ್ಕಳ ಒಂದು ಸಂಜೆಗೆ ಬರಲಾರೆವೇ?

ಕಾಲೇಜಿನವರೂ ಬಾಗಿಲು ತೆರೆಯಬೇಕು. ಉತ್ಸವದ ಒಂದು ದಿನವಾದರೂ ಅಪ್ಪ ಅಮ್ಮಂದಿರಿಗೆ, ಅಜ್ಜ ಅಜ್ಜಿಯರಿಗೆ ಕರೆ ಹೋಗಲಿ. ಮಕ್ಕಳ ಕೈಯಲ್ಲೇ ಕಾರ್ಡು ಕಳಿಸಿ. ಮಂಟಪ, ಲಾಂಛನ, ಕಾರ್ಡಿನ ತುಂಬ ನೂರು ಹೆಸರು ಏನೂ ಬೇಡ. ಶಾಮಿಯಾನದ ನೆರಳು, ಕುಡಿಯುವ ನೀರಿನ ಹಂಡೆ, ಹಿರಿಯರಿಗೆ ಕುರ್ಚಿ, ಹೆಣ್ಣುಮಕ್ಕಳಿಗೆ ಶುಚಿಯಾದ ಶೌಚಾಲಯ ಇದ್ದರೆ ಸಾಕು. ತಿನ್ನಲು ಮಕ್ಕಳೇ ಅಂಗಡಿ ಇಡಲಿ: ಮದ್ದೂರು ವಡೆ, ಮಜ್ಜಿಗೆ, ಕಬ್ಬಿನ ಹಾಲು. ಸ್ಪೀಕರಿನ ಸದ್ದು ಅಕ್ಕಪಕ್ಕದ ಮನೆಗಳಲ್ಲಿ ಮಲಗಿದ ಮುದುಕರನ್ನು, ಹಸುಗೂಸನ್ನು ಎಬ್ಬಿಸದಷ್ಟಿರಲಿ.

ತಂದೆ ತಾಯಂದಿರೇ, ನಿಮ್ಮ ಮಗಳು ಕುಣಿತಕ್ಕೆ, ನಾಟಕಕ್ಕೆ ಹೆಸರು ಕೊಟ್ಟಿದ್ದೇನೆ ಎಂದರೆ ಬೇಡ ಎನ್ನುವ ಮುಂಚೆ ಎಷ್ಟು ಹೊತ್ತಿಗೆ ಮುಗಿಯುತ್ತದೆ, ನಾನು ಬಂದು ಕರೆದುಕೊಂಡು ಹೋಗಲೇ ಎಂದು ಕೇಳಿ. ಊರಿನ ನಾಲ್ಕು ಮನೆಯವರು ಸೇರಿದರೆ ಒಂದು ಟೆಂಪೋ ಆಗುತ್ತದೆ. ನಾಟಕಕ್ಕೆ ಸೀನರಿ ತರಲು ಗಾಡಿ ಹೊಂದಿಸುವ ನಮಗೆ ಇದು ಹೊಸ ಕೆಲಸವೇನಲ್ಲ.

ನಮ್ಮ ಕಡೆಯ ಒಬ್ಬ ಹಾರ್ಮೋನಿಯಂ ಮೇಷ್ಟ್ರ ಹತ್ತಿರ ಮೊನ್ನೆ ಈ ಮಾತು ತೆಗೆದೆ. ಕಾಲೇಜು ಮಕ್ಕಳಿಗೆ ಕಲಿಸಲು ಬರುತ್ತೀರಾ ಎಂದೆ. ಸಂಭಾವನೆ ಎಷ್ಟೆಂದು ಕೇಳಲಿಲ್ಲ. “ಎಷ್ಟು ಜನ ಮಕ್ಳು? ಹೆಸ್ರು ಬರ್ಕೊಂಡು ಬನ್ನಿ, ಪಾರ್ಟು ಹಂಚ್ಬೇಕಲ್ಲ” ಎಂದರು. ಪಟ್ಟಿಗಾಗಿ ಅವರು ಕಾಯುತ್ತಿದ್ದಾರೆ.