ರಸ್ತೆಯ ಮೇಲಿನ ಕಾರಿಗೆ ಕಾವಲು ಯಾರು?

ಮೇ ತಿಂಗಳು ಬಂತೆಂದರೆ ಮುಂಬಯಿ ಮತ್ತು ಉಪನಗರಗಳ ಕನ್ನಡಿಗರು ಕುಟುಂಬ ಸಮೇತ ಊರಿಗೆ ಹೊರಡುತ್ತಾರೆ. ಮದುವೆ, ಗೃಹಪ್ರವೇಶ, ನೇಮ ಎಂದು ಹದಿನೈದಿಪ್ಪತ್ತು ದಿನ ಕಳೆದುಹೋಗುತ್ತದೆ. ಡೊಂಬಿವಲಿ, ಮೀರಾರೋಡ್, ನಲಸೋಪಾರದ ಎಷ್ಟೋ ಹಳೆಯ ಕಟ್ಟಡಗಳಲ್ಲಿ ಪಾರ್ಕಿಂಗ್ ಇಲ್ಲದ್ದರಿಂದ ಕಾರು ರಸ್ತೆ ಬದಿಯಲ್ಲೇ ಉಳಿಯುತ್ತದೆ. ಹಿಂತಿರುಗಿದಾಗ ಅದು ಅಲ್ಲಿಲ್ಲದಿದ್ದರೆ, ಯಾವಾಗ ಹೋಯಿತೆಂದು ಹೇಳುವವರೂ ಸಿಗುವುದಿಲ್ಲ. ಕಾರು ಹೋದರೂ ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ.

ಇಂಥ ಪ್ರಸಂಗದಲ್ಲಿ ಪೊಲೀಸರನ್ನು ದೂರುವುದು ಸುಲಭ. ಆದರೆ ಗಣೇಶೋತ್ಸವ, ದಹಿಹಂಡಿ, ಚುನಾವಣೆ, ಗಣ್ಯರ ಭೇಟಿ ಎಲ್ಲದರ ಬಂದೋಬಸ್ತಿಗೂ ಅದೇ ಠಾಣೆಯ ಸಿಬ್ಬಂದಿ ಹೋಗಬೇಕು. ಹನ್ನೆರಡು ಗಂಟೆ ದುಡಿಯುತ್ತಿದ್ದ ಪೇದೆಗಳಿಗೆ ಎಂಟು ಗಂಟೆಯ ಪಾಳಿ ಸಾಧ್ಯವೇ ಎಂದು ದೇವನಾರ್ ಠಾಣೆಯಲ್ಲಿ ಪ್ರಯೋಗ ನಡೆದದ್ದು 2016ರಲ್ಲಿ. ಸಿಬ್ಬಂದಿ ಕೊರತೆಯಿಂದಾಗಿ 2023ರಲ್ಲಿ ರಾಜ್ಯ ಭದ್ರತಾ ನಿಗಮದಿಂದ ಮೂರು ಸಾವಿರ ಜನರನ್ನು ಗುತ್ತಿಗೆಯಲ್ಲಿ ಪಡೆಯಲು ಸರಕಾರ ಒಪ್ಪಿತು. ಗುತ್ತಿಗೆಯ ಕಾವಲುಗಾರ ತನಿಖಾಧಿಕಾರಿಯಾಗಲಾರ. ಖಾಲಿ ಹುದ್ದೆಗಳನ್ನು ಕಾಯಂ ಆಗಿ ತುಂಬದೆ ಕಳವಿನ ಕಡತಗಳು ಮುಂದೆ ಸಾಗುವುದು ಕಷ್ಟ. ಚುನಾವಣೆಯಲ್ಲಿ ಮತ ಕೇಳಲು ಸಂಘಗಳ ವೇದಿಕೆಗೆ ಬರುವ ನಾಯಕರಿಗೆ ಈ ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲವೇಕೆ?

ಕಳ್ಳನನ್ನು ಹಿಡಿಯುವುದಕ್ಕಿಂತ ಕಳವಿನ ಮಾಲು ಕೊಳ್ಳುವವನನ್ನು ಹಿಡಿಯುವುದು ಮೇಲೆಂಬುದಕ್ಕೆ ಮೀರತ್‌ನ ಸೋತಿಗಂಜ್ ಉದಾಹರಣೆ. ದಿಲ್ಲಿ ಸುತ್ತಮುತ್ತ ಕದ್ದ ವಾಹನಗಳನ್ನು ಬಿಡಿಭಾಗಗಳಾಗಿ ಕಳಚಿ ಮಾರುವುದಕ್ಕೆ ಆ ಪೇಟೆ ಕುಖ್ಯಾತವಾಗಿತ್ತು. 2021ರಲ್ಲಿ ಪೊಲೀಸರು ಗುಜರಿ ವ್ಯಾಪಾರಿಗಳ ಆಸ್ತಿ ಜಪ್ತಿಗೆ ಇಳಿದರು. ಆ ವರ್ಷ ಡಿಸೆಂಬರ್‌ನಲ್ಲಿ ಪೇಟೆಯ ಬಾಗಿಲು ಮುಚ್ಚಿಸಿದರು. ಬಿಲ್ ಇಲ್ಲದೆ ಅಗ್ಗಕ್ಕೆ ಸಿಗುವ ಬಂಪರು, ಸ್ಟೀರಿಯೋ ಕೊಳ್ಳುವ ನಮ್ಮವರೂ ಇದ್ದಾರೆಂಬುದನ್ನು ಇಲ್ಲಿ ಹೇಳಲೇಬೇಕು.

ಸ್ಥಳೀಯವಾಗಿ ಆಗುವ ಕೆಲಸ ಸಣ್ಣದಾದರೂ ಉಪಯುಕ್ತ. ಸೊಸೈಟಿಗಳು ಹಾಕಿಸಿದ ಕ್ಯಾಮರಾಗಳು ಹೆಚ್ಚಾಗಿ ತಮ್ಮ ಗೇಟನ್ನಷ್ಟೇ ನೋಡುತ್ತವೆ. ಒಂದು ಕ್ಯಾಮರಾವನ್ನಾದರೂ ರಸ್ತೆಯತ್ತ ತಿರುಗಿಸಬಹುದು. ಉದ್ಘಾಟನೆಯ ಫೋಟೋ ಪತ್ರಿಕೆಯಲ್ಲಿ ಬಂದ ಮೇಲೆ ಕ್ಯಾಮರಾ ಕೆಲಸ ಮಾಡುತ್ತಿದೆಯೇ ಎಂದು ನೋಡುವವರಿಲ್ಲ. ಕೆಟ್ಟದ್ದು ತಿಳಿಯುವುದು ಕಳವಾದ ದಿನವೇ. ಚಿತ್ರಣವೂ ಕೆಲವೇ ದಿನಗಳಲ್ಲಿ ತಾನಾಗಿ ಅಳಿಸಿಹೋಗುತ್ತದೆ. ಊರಿಗೆ ಹೋಗುವವರು ಕಾರಿನ ನಂಬರನ್ನು ವಾಚ್‌ಮನ್‌ಗೋ ನೆರೆಯವರಿಗೋ ಕೊಟ್ಟು, ದಿನಕ್ಕೊಮ್ಮೆ ನೋಡಲು ಹೇಳಿ ಹೋದರೆ ಕಳವು ಅಂದೇ ತಿಳಿಯುತ್ತದೆ.

ಕಳವಾದರೆ ಮೊದಲ ದಿನವೇ ಎಫ್‌ಐಆರ್ ಆಗಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಯಾವ ಠಾಣೆಯಲ್ಲೂ ದೂರು ಕೊಡಬಹುದು. ವಿದ್ಯುನ್ಮಾನ ಮಾಧ್ಯಮದ ಮೂಲಕ ಕೊಟ್ಟರೆ ಮೂರು ದಿನದೊಳಗೆ ಸಹಿ ಹಾಕಬೇಕು. ಬಳಿಕ ವಿಮಾ ಕಂಪನಿ, ಆರ್‌ಟಿಓ ಮತ್ತು ಸಾಲ ಕೊಟ್ಟ ಬ್ಯಾಂಕಿಗೆ ಲಿಖಿತ ಮಾಹಿತಿ. ಎಫ್‌ಐಆರ್ ತಕ್ಷಣ ದಾಖಲಾಗಿದ್ದರೆ, ವಿಮಾ ಕಂಪನಿಗೆ ತಿಳಿಸಲು ತಡವಾಯಿತೆಂಬ ಒಂದೇ ಕಾರಣಕ್ಕೆ ಕ್ಲೇಮು ತಿರಸ್ಕರಿಸಬಾರದೆಂದು ಸುಪ್ರೀಂ ಕೋರ್ಟು 2020ರ ಜನವರಿಯಲ್ಲಿ ತೀರ್ಪಿತ್ತಿದೆ. ಆದರೆ ಎಫ್‌ಐಆರೇ ತಡವಾದರೆ ಈ ತೀರ್ಪು ಕೈಹಿಡಿಯದು. ಬರೀ ಥರ್ಡ್ ಪಾರ್ಟಿ ವಿಮೆ ಇದ್ದವರಿಗೆ ಕಳವಿನ ಪರಿಹಾರವೇ ಇಲ್ಲ. ಎರಡೂ ಕೀಲಿಗಳನ್ನು ವಿಮೆಯವರು ಕೇಳುತ್ತಾರೆ. ಕಾರು ಪತ್ತೆಯಾಗದಿದ್ದರೆ ಪೊಲೀಸರ ‘ಎ ಸಮರಿ’ ವರದಿ ಬೇಕಾಗುತ್ತದೆ. ಅದಕ್ಕಾಗಿ ತಿಂಗಳುಗಟ್ಟಲೆ ಓಡಾಡಬೇಕಾದೀತು. ಸಾಲವಿದ್ದರೆ ಪರಿಹಾರದ ಹಣ ಮೊದಲು ಬ್ಯಾಂಕಿಗೇ ಹೋಗುತ್ತದೆ.

ಹೋಟೆಲಿನಲ್ಲಿ ದುಡಿದು, ಸಾಲ ಮಾಡಿ ಕಾರು ಕೊಂಡು ಬಾಡಿಗೆಗೆ ಓಡಿಸುವ ನಮ್ಮ ಹುಡುಗರಿಗೆ ಇದೆಲ್ಲ ಗೊತ್ತಿರುವುದಿಲ್ಲ. ಸಂಘಗಳಲ್ಲಿ ನಿವೃತ್ತ ಬ್ಯಾಂಕ್ ನೌಕರರಿದ್ದಾರೆ, ವಕೀಲರಿದ್ದಾರೆ, ವಿಮಾ ಏಜೆಂಟರಂತೂ ಧಾರಾಳ. ಏಪ್ರಿಲ್‌ನ ಒಂದು ಭಾನುವಾರ ಸ್ಥಳೀಯ ಠಾಣೆಯ ಅಧಿಕಾರಿಯನ್ನೂ ಕರೆದು ಎರಡು ಗಂಟೆ ಈ ವಿಷಯಕ್ಕೆ ಕೊಡುವುದು ಸಂಘಗಳಿಗೆ ಕಷ್ಟವಾಗಲಾರದು. ಅಂದು ಶಾಲು, ಹಾರ, ಸನ್ಮಾನ ಇಲ್ಲದಿದ್ದರೂ ನಡೆದೀತು.