ಮೂತಿ ಉಜ್ಜುವವರಿಗೆ ಎರಡು ಮಾತು

ನಾಯಿಮರಿ ಮನೆಯೊಳಗೆ ಉಚ್ಚೆ ಹೊಯ್ದರೆ ಏನು ಮಾಡಬೇಕು? ಯಾರನ್ನು ಬೇಕಾದರೂ ಕೇಳಿ, ಉತ್ತರ ರೆಡಿ ಇರುತ್ತೆ. ಕುತ್ತಿಗೆ ಹಿಡಿದು ಎಳ್ಕೊಂಡು ಬಂದು ಅದರಲ್ಲೇ ಮೂತಿ ಉಜ್ಜಿ, ಪೇಪರ್ ಮಡಚಿ ನಾಲ್ಕು ಬಿಡಿ, ಮೂರು ದಿನಕ್ಕೆ ಬುದ್ಧಿ ಬರುತ್ತೆ ಅಂತಾರೆ.

ಸುಳ್ಳು ಸ್ವಾಮಿ, ಶುದ್ಧ ಸುಳ್ಳು. ನಾನೂ ಹಾಗೇ ಮಾಡಿದವನು, ಅದಕ್ಕೇ ಇಷ್ಟು ಜೋರಾಗಿ ಹೇಳ್ತಾ ಇದ್ದೀನಿ.

ನನ್ನಿವಾಳದ ನಮ್ಮ ಮನೆಗೆ ಕುರಿ ಕಾಯೋ ಅಜ್ಜನೊಬ್ಬನಿಂದ ಎರಡು ತಿಂಗಳ ಮರಿ ತಂದಿದ್ದೆ. ಹೆಸರು ಕೆಂಚ. ಬಂದ ದಿನವೇ ಪಡಸಾಲೆಯ ಕಡಪ ಕಲ್ಲಿನ ಮೇಲೆ ಕೆರೆ ಮಾಡಿತು. ನಾನು ಮೂತಿ ಉಜ್ಜಿದೆ, ಪೇಪರಿನಿಂದ ಹೊಡೆದೆ. ವಾರದಲ್ಲಿ ನೆಲವೆಲ್ಲ ಒಣಗಿತ್ತು. ಏನು ಹೆಮ್ಮೆ ನನಗೆ! ಆಮೇಲೆ ಶೇಂಗಾ ಚೀಲಗಳ ಹಿಂದಿನಿಂದ ವಾಸನೆ ಬರೋಕೆ ಶುರುವಾಯ್ತು. ಮನೆಯೊಳಗೆ ಹೊಯ್ಯಬಾರದು ಅಂತ ಅದು ಕಲಿತಿರಲಿಲ್ಲ. ನನ್ನ ಕಣ್ಣೆದುರು ಹೊಯ್ಯಬಾರದು ಅಂತ ಕಲಿತಿತ್ತು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗ್ತಿದ್ದೆ. ಒಂದು ಸಂಜೆ ಕೆಂಚ ರಸ್ತೆಗೆ ಓಡಿತು. ಎದುರಿಗೆ ಲಾರಿ. "ಕೆಂಚಾ, ಬಾ!" ಅಂತ ಕಿರುಚಿದೆ. ಅದು ನನ್ನ ಮುಖ ನೋಡಿ, ಬಾಲ ಮುದುರಿಕೊಂಡು ಹಿಂದಕ್ಕೆ, ಲಾರಿಯ ಕಡೆಗೇ ಸರಿಯಿತು! ಡ್ರೈವರ್ ಬ್ರೇಕ್ ಹಾಕಿದ್ದಕ್ಕೆ ಬದುಕಿತು, ನನ್ನ ಟ್ರೇನಿಂಗಿನಿಂದ ಅಲ್ಲ.

ಅಜ್ಜನಿಗೆ ಹೇಳಿದರೆ ಬೈದ. "ಅಲ್ಲಪ್ಪಾ, ಬಾ ಅಂತ ಕರ್ದು ಕರ್ದು ಹೊಡೆದ್ರೆ ಅದ್ಯಾಕೆ ಬತ್ತೈತೆ? ನೀನಾಗಿದ್ರೆ ಬತ್ತಿದ್ದೇನು?"

ಉತ್ತರ ಇತ್ತಾ ನನ್ನ ಹತ್ತಿರ?

ಎರಡು ತಿಂಗಳ ಮರಿಗೆ ಹಗಲು ಹೊತ್ತು ಎರಡು ಮೂರು ಗಂಟೆಗಿಂತ ಹೆಚ್ಚು ತಡೆದುಕೊಳ್ಳೋಕೆ ಆಗಲ್ಲ. ಅದು ಹಟ ಅಲ್ಲ, ವಯಸ್ಸು. ನಿದ್ದೆಯಿಂದ ಎದ್ದಾಗ, ತಿಂದಾದ ಮೇಲೆ, ಆಡಿದ ಮೇಲೆ ಪ್ರತಿಸಲ ಹೊರಗೆ ಅದೇ ಜಾಗಕ್ಕೆ ಎತ್ಕೊಂಡು ಹೋಗಬೇಕು. ಮುಗಿಸಿದ ಕ್ಷಣದಲ್ಲೇ ಮೈದಡವಿ ಒಂದು ಚೂರು ಬೇಯಿಸಿದ ಮೊಟ್ಟೆ ಕೊಡಬೇಕು. ಐದು ನಿಮಿಷ ತಡವಾದರೆ ಯಾವುದಕ್ಕೆ ಕೊಟ್ಟಿರಿ ಅಂತ ಅದಕ್ಕೆ ಗೊತ್ತಾಗಲ್ಲ. ಹೊಡೆತಕ್ಕೂ ಇದೇ ಲೆಕ್ಕ. ಒಳಗೆ ಹೊಯ್ದಿದ್ದನ್ನು ಬರೀ ಫಿನಾಯಿಲ್ ಹಾಕಿ ಒರೆಸಿದರೆ ವಾಸನೆ ನಮ್ಮ ಮೂಗಿಗೆ ಹೋಗಿರುತ್ತೆ, ಅದರ ಮೂಗಿಗಲ್ಲ. ಮತ್ತೆ ಅಲ್ಲೇ ಹೊಯ್ಯುತ್ತೆ. ವಾಸನೆಯನ್ನೇ ಕೊಲ್ಲುವ ಎಂಜೈಮ್ ದ್ರಾವಣ ಪೇಟೆಯಲ್ಲಿ ಸಿಗುತ್ತೆ.

"ಕೂತ್ಕೋ" ಕಲಿಸೋಕೆ ಸೊಂಟ ಅದುಮಬೇಕಿಲ್ಲ. ತಿಂಡಿಯನ್ನು ಮೂಗಿನ ಮೇಲಿಂದ ನಿಧಾನಕ್ಕೆ ಹಿಂದೆ ಒಯ್ದರೆ ತಲೆ ಮೇಲೇಳುತ್ತೆ, ಕುಂಡಿ ನೆಲಕ್ಕೆ ತಾಗುತ್ತೆ. "ಬಾ" ಅಂತ ಕರೆದು ಬೈಯಬಾರದು, ಹೊಡೆಯಬಾರದು. ಎಂದೆಂದಿಗೂ.

"ಯಜಮಾನ ಯಾರು ಅಂತ ತೋರಿಸಬೇಕು, ನಾವೇ ಆಲ್ಫಾ" ಅನ್ನುವ ಪಂಡಿತರೂ ಇದ್ದಾರೆ. ಈ ಕಥೆಯ ಮೂಲ 1947ರಲ್ಲಿ ರುಡಾಲ್ಫ್ ಶೆಂಕೆಲ್ ಕೂಡಿಹಾಕಿದ ತೋಳಗಳ ಮೇಲೆ ಬರೆದದ್ದು. ಅದನ್ನು ಜನಪ್ರಿಯ ಮಾಡಿದ್ದು 1970ರ ಡೇವಿಡ್ ಮೆಕ್ ಪುಸ್ತಕ. ಅದೇ ಮೆಕ್ 1999ರಲ್ಲಿ, ಕಾಡಿನ ತೋಳದ ಹಿಂಡು ಅಂದರೆ ಅಪ್ಪ ಅಮ್ಮ ಮಕ್ಕಳ ಸಂಸಾರ, ಗದ್ದುಗೆಯ ಜಗಳ ಅಲ್ಲ ಅಂತ ಬರೆದರು. ಅಮೆರಿಕದ ಪ್ರಾಣಿ ವರ್ತನೆಯ ಪಶುವೈದ್ಯರ ಸಂಘವೂ 2021ರಲ್ಲಿ ನಾಯಿಗಳಿಗೆ ಬಹುಮಾನ ಕೊಟ್ಟು ಕಲಿಸುವ ದಾರಿಯೊಂದನ್ನೇ ಶಿಫಾರಸು ಮಾಡಿತು. ನಮ್ಮ ಪಂಡಿತರು ಮಾತ್ರ ಇನ್ನೂ 1947ರಲ್ಲೇ ಇದ್ದಾರೆ :-)

"ಹಿಂದಿನವರೂ ಹೊಡೆದೇ ಸಾಕಿದ್ರು, ನಾಯಿ ಕಲೀಲಿಲ್ವಾ?" ಅಂತೀರಾ? ಹಿಂದಿನವರ ನಾಯಿ ಕುರಿ ರೊಪ್ಪದ ಬಾಗಿಲಲ್ಲಿ, ಬಯಲಲ್ಲಿ ಮಲಗ್ತಿತ್ತು. ಎಲ್ಲಿ ಹೊಯ್ಯಬೇಕು ಅಂತ ಯಾರೂ ಕಲಿಸಬೇಕಿರಲಿಲ್ಲ. ನಾಲ್ಕು ಗೋಡೆ ಮಧ್ಯೆ ತಂದು ಕಟ್ಟಿದವರು ನಾವು, ಬಾಗಿಲು ತೆಗೆಯೋ ಕೆಲಸವೂ ನಮ್ಮದೇ. ಅದು ಬೇಜಾರಾಗಿ "ಇದಕ್ಕೆ ಬುದ್ಧಿ ಇಲ್ಲ" ಅಂತ ಮರಿಯನ್ನು ಚೀಲದಲ್ಲಿ ತುಂಬಿ ಊರಾಚೆ ಬಿಟ್ಟು ಬರೋರಿದ್ದಾರೆ. ಪ್ರಾಣಿಗೆ ಹೊಡೆದು ಹಿಂಸಿಸೋದು, ಹಸಿವಿಗೆ ಬಿಟ್ಟು ಬರೋದು ಎರಡೂ 1960ರ ಕಾಯ್ದೆ ಪ್ರಕಾರ ಅಪರಾಧ. ಮುಂದೆ ಅದೇ ಮರಿ ಬೆಳೆದು ಬೊಗಳಿದರೆ ಬೀದಿನಾಯಿ ಕಾಟ ಅಂತ ಕೂಗೋರೂ ಇವರೇ!

ಕೆಂಚನಿಗೆ "ಬಾ" ಅನ್ನೋದನ್ನು ಹೊಸದಾಗಿ ಕಲಿಸೋಕೆ ನನಗೆ ತಿಂಗಳುಗಳೇ ಬೇಕಾದವು. ಈಗ ಕರೆದರೆ ಓಡಿ ಬರುತ್ತೆ, ಒಳಗೆ ಒಂದು ಹನಿಯೂ ಹೊಯ್ಯಲ್ಲ. ಆದರೆ ಬೆಳಗ್ಗೆ ಓದಿ ಮುಗಿಸಿ ಪೇಪರ್ ಮಡಚೋಕೆ ಶುರು ಮಾಡಿದರೆ ಸಾಕು, ಇವತ್ತಿಗೂ ಮೆಲ್ಲಗೆ ಎದ್ದು ಹೊರಗೆ ಹೋಗುತ್ತೆ.