ಜೆಟ್ಟಿಗೆ ಎರಡು ಫೋಲ್ಡರ್ ಇರಲಿ ಸ್ವಾಮಿ!

ಜೆಟ್ಟಿ ಅಂದ ತಕ್ಷಣ ಮೈಸೂರು ದಸರಾದ ವಜ್ರಮುಷ್ಟಿ ಕಾಳಗ ನೆನಪಾದ್ರೆ ಕ್ಷಮಿಸಿ. ನಾನು ಹೇಳ್ತಿರೋದು ಗ್ರೆಗ್ ವಿಲ್ಕಿನ್ಸ್ 1995ರಲ್ಲಿ ಶುರು ಮಾಡಿದ, 2009ರಲ್ಲಿ ಎಕ್ಲಿಪ್ಸ್ ಫೌಂಡೇಶನ್ ಸೇರಿದ ಜಾವಾ ವೆಬ್ ಸರ್ವರ್ ಬಗ್ಗೆ.

ಹೊಸಬರದ್ದು ಒಂದೇ ದೂರು: "ಜಿಪ್ ಬಿಚ್ಚಿದ ಕೂಡಲೇ ಓಡಬಾರದಾ? ಇದಕ್ಕೆ ಎರಡೆರಡು ಫೋಲ್ಡರ್ ಯಾಕೆ?" ನನ್ನ ಪ್ರಕಾರ ಜೆಟ್ಟಿಯ ಅತಿ ಒಳ್ಳೇ ಗುಣವೇ ಅದು.

ಬಿಚ್ಚಿದ ಫೋಲ್ಡರ್ ಜೆಟ್ಟಿ ಹೋಮ್. ಅದನ್ನು ಮುಟ್ಟಬೇಡಿ. ಬೇರೆ ಕಡೆ ಒಂದು ಖಾಲಿ ಫೋಲ್ಡರ್ ಮಾಡಿ, ಅದು ಜೆಟ್ಟಿ ಬೇಸ್. ಶುರುವಿನಲ್ಲಿ ಅದರಲ್ಲಿ ಎಚ್‌ಟಿಟಿಪಿ ಕೂಡ ಇರಲ್ಲ! ಆ ಬೇಸ್‌ನೊಳಗೆ ನಿಂತು, ಹೋಮ್‌ನಲ್ಲಿರೋ ಸ್ಟಾರ್ಟ್ ಜಾರ್‌ಗೆ 'ಆಡ್ ಮಾಡ್ಯೂಲ್ಸ್' ಆಯ್ಕೆ ಕೊಟ್ಟು ಬೇಕಾದ ಮಾಡ್ಯೂಲ್ ಕೇಳಬೇಕು. ಎಚ್‌ಟಿಟಿಪಿ ಕೇಳಿದ್ರೆ ಅದಕ್ಕೆ ಬೇಕಾದ ಥ್ರೆಡ್ ಪೂಲ್ ಇತ್ಯಾದಿ ತಾವಾಗೇ ಬರ್ತವೆ. ಬೇಸ್‌ನ ಸ್ಟಾರ್ಟ್ ಡಿ ಫೋಲ್ಡರ್‌ನಲ್ಲಿ ಒಂದು ಚಿಕ್ಕ ಐಎನ್‌ಐ ಫೈಲ್ ಹುಟ್ಟುತ್ತೆ. ಪೋರ್ಟ್ 8080 ಬೇಡವಾ? ಅಲ್ಲಿ ಆ ಸಾಲಿನ ಮುಂದಿನ # ಅಳಿಸಿ, ನಿಮ್ಮ ಸಂಖ್ಯೆ ಬರೆಯಿರಿ. ಕೊನೆಗೆ ಏನೇನು ಸೇರಿದೆ ಅಂತ 'ಲಿಸ್ಟ್ ಕಾನ್ಫಿಗ್' ಕೊಟ್ಟು ನೋಡಿ.

ಊಟ ಬಲ್ಲವನಿಗೆ ರೋಗವಿಲ್ಲ ಅಂತಾರಲ್ಲ, ಹಾಗೇ. ಹಾಕದ ಮಾಡ್ಯೂಲ್‌ನಲ್ಲಿ ಎಂಥ ತೂತು ಸಿಕ್ಕಿದರೂ ನಿಮಗೆ ತಲೆನೋವಿಲ್ಲ.

ಇದರ ನಿಜವಾದ ಬೆಲೆ ಗೊತ್ತಾಗೋದು ಭದ್ರತೆಯ ಪ್ಯಾಚ್ ಬಂದ ದಿನ. ಬೇಸ್ ಬೇರೆ ಇದ್ರೆ ಹೊಸ ಹೋಮ್ ಇಳಿಸಿ, ಅದೇ ಬೇಸ್‌ಗೆ ತೋರಿಸಿದರೆ ಬಹುಪಾಲು ಮುಗೀತು. ಸರಿಹೋಗದಿದ್ರೆ ಹಳೇ ಹೋಮ್ ಅಲ್ಲೇ ಇದೆ. ಎಲ್ಲವನ್ನೂ ಹೋಮ್‌ನಲ್ಲೇ ತುರುಕಿದ್ರೆ? ಯಾವುದು ಜೆಟ್ಟಿಯದು, ಯಾವುದು ನಮ್ಮದು ಅಂತ ಯಾರಿಗೂ ಗೊತ್ತಿರಲ್ಲ. ಬರೆದವರು ಕೆಲಸ ಬಿಟ್ಟಿರ್ತಾರೆ. "ಓಡ್ತಿದೆಯಲ್ಲ, ಯಾಕೆ ಕೆಣಕೋದು" ಅಂತ ಪ್ಯಾಚ್ ಮುಂದಕ್ಕೆ ಹೋಗುತ್ತೆ. ಅಪಾಯದಲ್ಲಿರೋದು ಮಾತ್ರ ನಮ್ಮನ್ನು ನಂಬಿ ಮಾಹಿತಿ ಕೊಟ್ಟ ಜನ.

ದೊಡ್ಡ ವರ್ಷನ್ ಬದಲಾವಣೆ ಇಷ್ಟು ಸಲೀಸಲ್ಲ, ಒಪ್ತೀನಿ. ಮಾಡ್ಯೂಲ್ ಹೆಸರುಗಳೇ ಬದಲಾಗ್ತವೆ. ಆದ್ರೆ 2023ರಲ್ಲಿ ಬಂದ ಜೆಟ್ಟಿ 12ರಲ್ಲಿ ಹಳೇ ಜಾವಾ ಇಇ 8 ಅಪ್ಲಿಕೇಶನ್‌ಗಳಿಗೂ ಮಾಡ್ಯೂಲ್ ಇದೆ. ಬೇಸ್ ಚಿಕ್ಕದಾಗಿದ್ರೆ ಒಂದು ಸಂಜೆ ಕೂತು ಓದಿ ಬದಲಿಸಬಹುದು.

ಇವತ್ತೇ ನಿಮ್ಮ ಬೇಸ್ ಫೋಲ್ಡರನ್ನು ಗಿಟ್‌ಗೆ ಹಾಕಿ; ಪಾಸ್‌ವರ್ಡ್, ಕೀಗಳನ್ನು ಮಾತ್ರ ಹೊರಗಿಡಿ. ಇಲ್ಲಾಂದ್ರೆ ಸರ್ವರ್ ಮಲಗಿದ ದಿನ, ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಿಲ್ಲ ಅಂತ ಮೀಟಿಂಗ್‌ನಲ್ಲಿ ಹೇಳ್ಬೇಕಾಗುತ್ತೆ :)

ಏನಂತೀರಿ?